ಅಕ್ಕ ಡೆಟ್ಟಾಳಿಗೆ ಹೇಳದೆ ಉಳಿಸಿದ್ದು

ನನ್ನ ಅಕ್ಕ ಡೆಟ್ಟಾ ಹುಟ್ಟು ಕಿವುಡಿ. ಮನೆಯಲ್ಲಿ ಸನ್ನೆ ಮಾಡಿದರೆ ಮಗುವಿಗೆ ಎಂದೂ ಮಾತು ಬರುವುದಿಲ್ಲ ಎಂದು ನಮ್ಮ ರಾಸ್ಕಾಮನ್ ಊರಿನ ಡಾಕ್ಟರೊಬ್ಬ ಹೇಳಿದ್ದ. ಅಮ್ಮ ಅದನ್ನೇ ವೇದವಾಕ್ಯ ಮಾಡಿಕೊಂಡಳು. ಐದು ವರ್ಷಕ್ಕೆ ಡೆಟ್ಟಾಳನ್ನು ಡಬ್ಲಿನ್ನಿನ ಕಿವುಡರ ಶಾಲೆಗೆ ಹಾಕಿದರು. ಅಲ್ಲೂ ಸನ್ನೆ ಮಾಡುವಂತಿರಲಿಲ್ಲ; ದೊಡ್ಡ ಹುಡುಗಿಯರಿಂದ ಅವಳು ಕದ್ದುಮುಚ್ಚಿ ಸನ್ನೆಭಾಷೆ ಕಲಿತಳು. ರಜೆಗೆ ಬಂದರೆ ಆ ಭಾಷೆ ಬಲ್ಲವರು ಮನೆಯಲ್ಲಿ ಒಬ್ಬರೂ ಇರಲಿಲ್ಲ.

ಭಾನುವಾರದ ಊಟಕ್ಕೆ ನಾವು ಏಳು ಜನ. ಅಪ್ಪ ಏನೋ ಹೇಳುತ್ತಿದ್ದ, ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಡೆಟ್ಟಾ ಒಬ್ಬೊಬ್ಬರ ತುಟಿ ನೋಡಿ ಸೋತು ನನ್ನ ತೋಳು ಜಗ್ಗುತ್ತಿದ್ದಳು. ನಾನು ಬಾಯಿ ಅಗಲಿಸಿ, "ಆಮೇಲೆ ಹೇಳ್ತೀನಿ" ಅನ್ನುತ್ತಿದ್ದೆ. ತಟ್ಟೆಯ ಆಲೂಗಡ್ಡೆ ಆರುವ ಮೊದಲೇ ಮರೆಯುತ್ತಿದ್ದೆ.

ಅಮ್ಮ ಸಾಯುವ ದಿನ ಅವಳ ಹಲ್ಲಿನ ಸೆಟ್ಟು ತೆಗೆದಿಟ್ಟಿದ್ದರು. ತುಟಿ ಒಳಸೇರಿ, ಡೆಟ್ಟಾಳಿಗೆ ಓದಲು ಏನೂ ಉಳಿದಿರಲಿಲ್ಲ. ಅಮ್ಮ ಅವಳ ಕೈ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

"ಇವಳ ಜೊತೆ ಒಂದು ದಿನಾನೂ ಸರಿಯಾಗಿ ಮಾತಾಡ್ಲಿಲ್ಲ ಕಣೇ ನಾನು. ನನ್ನ ಕ್ಷಮಿಸ್ತಾಳಾ, ಕೇಳು."

ಡೆಟ್ಟಾ ನನ್ನ ತೋಳು ಜಗ್ಗಿದಳು. ಸುತ್ತ ಅಕ್ಕಪಕ್ಕದವರು ಜಪಮಾಲೆ ಹಿಡಿದು ನಿಂತಿದ್ದರು. ಅಷ್ಟು ಜನರ ಎದುರು ಬಾಯಿ ಅಗಲಿಸಿ ಅದನ್ನು ಹೇಳಲು ನನಗೆ ನಾಚಿಕೆಯಾಯಿತು. "ಆಮೇಲೆ" ಅಂದೆ. ಅಮ್ಮ ಉತ್ತರಕ್ಕಾಗಿ ನಮ್ಮಿಬ್ಬರ ಮುಖ ನೋಡುತ್ತಲೇ ಇದ್ದು ಮಧ್ಯಾಹ್ನ ಹೋದಳು. ಮಣ್ಣು ಮಾಡಿ ಬಂದ ಮೇಲೆ ಡೆಟ್ಟಾ ಮತ್ತೆ ಕೇಳಿದಳು. "ನೀರು ಕೇಳಿದ್ಲು, ಅಷ್ಟೇ" ಅಂದುಬಿಟ್ಟೆ. ಹೇಡಿ ನಾನು.

ಆಮೇಲೆ ಡೆಟ್ಟಾ ಕಿವುಡು ಮಕ್ಕಳ ಮನೆಗಳಿಗೆ ಹೋಗಿ ಸನ್ನೆ ಕಲಿಸುವ ಕೆಲಸ ಹಿಡಿದಳು. ಒಂದು ಮನೆಗೆ ವಾರಕ್ಕೊಂದು ಗಂಟೆ. ಮಗುವಿಗಿಂತ ಮೊದಲು ದೊಡ್ಡವರನ್ನು ಕೂರಿಸುತ್ತಿದ್ದಳು. ಅಮ್ಮ ಹೋದ ಇಪ್ಪತ್ತೆಂಟು ವರ್ಷದ ನಂತರ, ನನ್ನ ಮಗಳ ಕೂಸು ಊನಾಗೂ ಕಿವಿ ಕೇಳುವುದಿಲ್ಲವೆಂದು ತಿಳಿದಾಗ, ನಮ್ಮ ಅಡುಗೆಮನೆಗೂ ಬಂದಳು. ಅವಳದು ಒಂದೇ ಕಟ್ಟಳೆ: ಊಟದ ಮೇಜಿನಲ್ಲಿ ಆಡುವ ಮಾತೆಲ್ಲ ಕೈಯಲ್ಲೂ ಬರಬೇಕು, ಊನಾಳ ಕಣ್ಣೆದುರು.

"ಊರಿಗೆಲ್ಲ ಬಾಯಿ ಬಡೀತೀಯ, ಕೈ ಯಾಕೆ ಏಳಲ್ಲ?" ಎಂದು ನನ್ನ ಗಂಟುಬೆರಳುಗಳನ್ನು ಸನ್ನೆಯಲ್ಲೇ ಆಡಿಕೊಳ್ಳುತ್ತಿದ್ದಳು.

ಒಂದೂವರೆ ವರ್ಷ ಕಲಿತೆ. ಒಂದು ಗುರುವಾರ ಪಾಠ ಮುಗಿದು ಟೀ ಕುಡಿಯುವಾಗ, ಕಲಿತ ಬೆರಳುಗಳಲ್ಲೇ ಹೇಳಿದೆ: "ಅವತ್ತು ಅಮ್ಮ ನೀರು ಕೇಳಿರಲಿಲ್ಲ." ಉಳಿದದ್ದನ್ನೂ ಹೇಳಿದೆ. ಕ್ಷಮೆಯ ಸನ್ನೆ ತಪ್ಪಿತು. ಡೆಟ್ಟಾ ನನ್ನ ಕೈ ಹಿಡಿದು ತಿದ್ದಿ, ಮತ್ತೊಮ್ಮೆ ಮಾಡಿಸಿದಳು. ನಾನು ಅಳುತ್ತಲೇ ಮಾಡಿದೆ.

"ಅವತ್ತೇ ನಾನು ನಿನ್ನ ಕೇಳಿದ್ದಿದ್ರೆ ಅಮ್ಮನಿಗೆ ಏನು ಹೇಳ್ತಿದ್ದೆ ನೀನು?" ಎಂದೆ.

ಡೆಟ್ಟಾ ಕಪ್ಪು ಕೆಳಗಿಟ್ಟಳು. "ಆಮೇಲೆ ಹೇಳ್ತೀನಿ" ಎಂದು ಸನ್ನೆ ಮಾಡಿ, ಕೋಟು ಹಾಕಿಕೊಂಡು ಮುಂದಿನ ಮನೆಗೆ ಹೊರಟಳು.

ಅದಾಗಿ ಎರಡು ವರ್ಷವಾಯಿತು. ಅವಳು ಈಗಲೂ ಭಾನುವಾರ ಊಟಕ್ಕೆ ಬರುತ್ತಾಳೆ. ಯಾರಾದರೂ ನಕ್ಕರೆ ಊನಾ ನನ್ನ ತೋಳು ಜಗ್ಗುತ್ತಾಳೆ. ನಾನು ಚಮಚ ಕೆಳಗಿಟ್ಟು ಆಗಿಂದಾಗಲೇ ಹೇಳುತ್ತೇನೆ. ಎದುರು ಕೂತ ಡೆಟ್ಟಾ ನನ್ನ ಕೈಯನ್ನೇ ನೋಡುತ್ತಾಳೆ, ತಪ್ಪಿದ್ದರೆ ತಿದ್ದುತ್ತಾಳೆ. ನಾನು ಕೇಳಿದ್ದಕ್ಕೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ.