ಬಾಯಿಗೆ ಹೋಗದ ಬೆರಳು

ನಲವತ್ತು ವರ್ಷ ಅಂಗಡಿಯಲ್ಲಿ ಗೋಡೆಯ ಬಣ್ಣ ಬೆರೆಸಿದ ಆ ತಾತ, ಮೊಮ್ಮಗಳಿಗೆಂದು ಕ್ಯಾರೆಟ್ ಬೇಯಿಸಿ ಅರೆದು, ಒಂದು ಹನಿಯನ್ನು ಬಣ್ಣ ಪರೀಕ್ಷಿಸುವಂತೆ ಬಿಳಿ ಕಾಗದದ ಮೇಲೆ ಸವರಿ ಕಿಟಕಿಯ ಬೆಳಕಿಗೆ ಹಿಡಿದ. ಒಂದೂ ಗಂಟಿರಲಿಲ್ಲ, ಮುಂಜಾವೇ ಕರಗಿ ಬಟ್ಟಲಿಗಿಳಿದಂತಿತ್ತು. ನೋಡುತ್ತ ಮೈಮರೆತ.

ನಾಳೆ ಮಗಳು ಕೆಲಸಕ್ಕೆ ಮರಳಬೇಕು. ಮಗು ಇವನ ಕೈಯಿಂದ ಉಣ್ಣದಿದ್ದರೆ ಅವಳು ಹೊರಡುವಂತಿಲ್ಲ. ಮಗುವೋ ಮೂರನೆಯ ಚಮಚವನ್ನೂ ಉಗುಳಿತು.

"ಗೋಡೆಗೆ ಬಳಿಯೋಕೆ ಮಾಡಿದ್ಯೇನಪ್ಪಾ?" ಮಗಳು ನಕ್ಕಳು. "ರುಚಿ ನೋಡಿದ್ಯಾ?"

ನೋಡಿರಲಿಲ್ಲ. ಬಣ್ಣ ಮುಟ್ಟಿದ ಬೆರಳು ಬಾಯಿಗೆ ಹೋಗಬಾರದೆಂಬ ಅಂಗಡಿಯ ಪಾಠ ಮೈಗೂಡಿಹೋಗಿತ್ತು. ಅಳುಕುತ್ತಲೇ ಬಟ್ಟಲಿಗೆ ಬೆರಳು ಅದ್ದಿ ಚೀಪಿದ.

"ಅಯ್ಯೋ, ತಣ್ಣಗೆ ಕೊರೀತಿದೆಯಲ್ಲೇ!"

ಬಟ್ಟಲನ್ನು ಬಿಸಿನೀರಿನಲ್ಲಿಟ್ಟು, ಬೆಚ್ಚಗಾದ ಮೇಲೆ ಮತ್ತೆ ರುಚಿ ನೋಡಿ ಉಣಿಸಿದ. ಮಗು ನುಂಗಿತು, ಇನ್ನಷ್ಟು ಬೇಕೆಂದು ಆ ಕೈಯನ್ನೇ ತನ್ನ ಬಾಯಿಯತ್ತ ಎಳೆಯಿತು.