ಹೊನ್ನಜ್ಜಿ ಹಾಡದ ಸಾಲು
ಹಿರೇಗುತ್ತಿಯಲ್ಲಿ ಭತ್ತದ ಸಸಿ ನೆಡುವಾಗ ನೆಟ್ಟಿಯ ಪದ ಎತ್ತುವವಳು ಹೊನ್ನಜ್ಜಿ. ಊರಿನ ಇತಿಹಾಸವೆಲ್ಲ ಇರುವುದು ಅವಳ ಗಂಟಲಲ್ಲೇ. ಗದ್ದೆಗೆ ಒಡ್ಡು ಕಟ್ಟಿದವರು ಯಾರೆಂದು ಕೇಳಿದರೆ ಸಾಕು, ಕಾಡು ಕಡಿದ ಮೊದಲ ಮುತ್ತಜ್ಜನಿಂದಲೇ ಶುರುಮಾಡುತ್ತಾಳೆ. ಅಷ್ಟನ್ನೇ ಹೇಳೆಂದರೆ, "ಪದ ಅಂದ್ರೆ ಎಂತ, ನಡುದಾರೀಲಿ ಹತ್ತೂಕೆ ಬಸ್ಸಾ?" ಎಂದು ಗದರುತ್ತಾಳೆ. ಊರು ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು ಮೊನ್ನೆ ಮೊನ್ನೆ, ಅದೂ ಆಗಲೇ ಪದದೊಳಗಿದೆ. ಪಟೇಲರಂಥ ಪಟೇಲರೂ ತಮ್ಮ ಅಜ್ಜಿಯ ಹೆಸರು ಬರುವತನಕ ಗದ್ದೆಯಂಚಿನಲ್ಲಿ ಕದಲದೆ ನಿಂತಿರುತ್ತಾರೆ. ಆದರೆ ಒಂದೊಂದು ಮನೆತನ ಮುಗಿದಾಗಲೂ ಅವಳು ಥಟ್ಟನೆ ಹಾಡು ನಿಲ್ಲಿಸುತ್ತಾಳೆ. ಹೆಂಗಸರೆಲ್ಲ ಮಾತಿಲ್ಲದೆ ಒಂದೊಂದು ಸಸಿ ಊರುತ್ತಾರೆ. ಈ ವರ್ಷ ಮದುವೆಯಾಗಿ ಬಂದ ಗಂಗಿ, ಅಜ್ಜಿ ಮರೆತಳೆಂದೇ ತಿಳಿದು ಮುಂದಿನ ಮನೆತನದ ಹೆಸರು ಎತ್ತಿಕೊಟ್ಟಳು. ಹೊನ್ನಜ್ಜಿ ಕೆಸರುಗೈ ಎತ್ತಿ ಮೆಲ್ಲಗೆ ತಡೆದಳು: "ತಡಿ ತಂಗಿ. ಹೆಸ್ರಿಡೂಕೂ ಮುಂಚೆ ಹೋದ ಕೂಸುಗಳ ಸಾಲು ಇದು."