ಬೆಕ್ಕು ಬೀಳಿಸಿದ ಕಲ್ಲು

ನಮ್ಮ ಬೆಕ್ಕು ಕೋಳಿಮರಿ ತಿಂದದ್ದು ನಿಜ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಯಾಕೆಂದರೆ ಹನ್ನೆರಡು ಮನೆಯವರ ಎದುರು ನಿಂತು, ತಿಂದಿಲ್ಲ ಎಂದು ಸಾಧಿಸಿದವಳು ನಾನೇ.

ಆಗ ನಾನು ಹೊಸೂರಿನ ಆಲಸನತ್ತಂನಲ್ಲಿ ಮಗಳ ಮನೆಯಲ್ಲಿದ್ದೆ. ಎಲ್ಲರ ಕೈಗೂ ಆಗಷ್ಟೇ ಮೊಬೈಲ್ ಬರುತ್ತಿದ್ದ ಕಾಲ. ಮಗಳು, ಅಳಿಯ ಇಬ್ಬರೂ ಫ್ಯಾಕ್ಟರಿಗೆ ಹೋಗುವವರು. ಸಾಲ ಮಾಡಿ ಒಂದು ಅಪಾರ್ಟ್‌ಮೆಂಟಿನ ಮೊದಲ ಮಹಡಿಯಲ್ಲಿ ಮನೆ ತೆಗೆದುಕೊಂಡಿದ್ದರು. ಕೆಳಗೆ ನಾಲ್ಕು, ನಡುವೆ ನಾಲ್ಕು, ಮೇಲೆ ನಾಲ್ಕು ಮನೆ. ಒಳಗೆ ಬಚ್ಚಲಿನ ನೀರು ಸರಿಯಾಗಿ ಹೋಗುತ್ತಿರಲಿಲ್ಲ. ಆದರೆ ಮುಂಗೋಡೆಗೆ ಮಾತ್ರ ಬುಡದಿಂದ ತುದಿಯವರೆಗೆ ಹೊಳೆಯುವ ಕೆಂಪು ಗ್ರಾನೈಟ್ ಅಂಟಿಸಿದ್ದರು. ಬೆಟ್ಟ ಕೊಯ್ದು ಕಲ್ಲು ಮಾರುವ ಸೀಮೆ ನಮ್ಮದು. ಮನೆ ಮುಂದೆ ಕಲ್ಲು ಹೊಳೆಯದಿದ್ದರೆ ನೆಂಟರು ಒಳಗೆ ಬಂದು ಕಾಫಿಯನ್ನೂ ಕುಡಿಯುವುದಿಲ್ಲ ಎನ್ನುವ ಹಾಗೆ ಎಲ್ಲರೂ ಆ ಗೋಡೆಗೆ ಮರುಳಾಗಿದ್ದರು. ನನ್ನ ಮಗಳೂ ಅಷ್ಟೇ. ಆಟೋದವನಿಗೆ ವಿಳಾಸ ಹೇಳುವಾಗ “ಕೆಂಪು ಗ್ರಾನೈಟ್ ಬಿಲ್ಡಿಂಗು” ಅನ್ನುತ್ತಿದ್ದಳು, ಅರಮನೆಗೆ ಹೋಗುವವಳ ಹಾಗೆ.

ಬೆಕ್ಕು ತಂದವಳು ನಾನು. ಸೂಳಗಿರಿಯ ನಮ್ಮ ಹೊಲದಿಂದ ಬಂದ ರಾಗಿ ಮೂಟೆಗೆ ಇಲಿ ಬಿದ್ದಿತ್ತು. ದಿನಸಿ ಅಂಗಡಿಯವನ ಹತ್ತಿರ ಒಂದು ಬೂದು ಮರಿ ಕೇಳಿ ತಂದೆ. ಹೆಸರಿಡಲಿಲ್ಲ. ಬೆಕ್ಕಿಗೆ ಹೆಸರಿಟ್ಟರೆ ಕರೆದಾಗ ಬರುತ್ತದೆಯೇ? ಎರಡು ತಿಂಗಳಲ್ಲಿ ಇಲಿಗಳನ್ನು ಮುಗಿಸಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಅದಕ್ಕೆ ಕೆಲಸದ ರುಚಿ ಹತ್ತಿಬಿಟ್ಟಿತ್ತು. ಹಲ್ಲಿ, ಓತಿಕ್ಯಾತ, ಅಳಿಲು, ಸಿಕ್ಕಿದ್ದನ್ನೆಲ್ಲ ಹಿಡಿದು ತಂದು ನನ್ನ ಮಂಚದ ಹತ್ತಿರ ಇಟ್ಟು, ಕೂಲಿ ಕೇಳುವವರ ಹಾಗೆ ಮುಖ ನೋಡುತ್ತಿತ್ತು. ಒಂದು ಬೆಳಿಗ್ಗೆ ಅಳಿಯ ಫ್ಯಾಕ್ಟರಿ ಶೂಗೆ ಕಾಲು ತೂರಿಸಿ, ಏನೋ ಮೆತ್ತಗಿದೆ ಎಂದು ತೆಗೆದು ನೋಡಿದರೆ ಅಳಿಲಿನ ಬಾಲ. ಆ ಮನುಷ್ಯ ನನಗೆ ಎದುರು ಮಾತಾಡುವವನಲ್ಲ. ಆವತ್ತು ಮಾತ್ರ, “ಅತ್ತೆ, ನಿಮ್ಮ ಬೆಕ್ಕಿಗೆ ಸ್ವಲ್ಪ ಹೇಳಿ” ಎಂದು ಬರಿಗಾಲಲ್ಲಿ ಸೋಫಾದ ಮೇಲೆ ಕೂತ.

ಈ ಅಳಿಲುಗಳು ಮುಂಗೋಡೆಯ ಕಲ್ಲಿನ ಹಿಂದೆ ಹೋಗಿ ಬರುತ್ತಿದ್ದವು. ನಮ್ಮ ಕಿಟಕಿಯ ಪಕ್ಕದಲ್ಲೇ ಒಂದು ಸಂದು. ಬೆಕ್ಕು ಕಿಟಕಿಯ ಸಜ್ಜೆಯ ಮೇಲೆ ಕೂತು ಅದರೊಳಗೆ ಕೈ ಹಾಕುತ್ತಿತ್ತು. ಕಲ್ಲಿನ ಹಿಂದೆ ಅಳಿಲು ಓಡಾಡುವಷ್ಟು ಜಾಗ ಎಲ್ಲಿಂದ ಬಂತು ಎಂದು ನಾನು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ನನ್ನ ಬುದ್ಧಿಗೂ ಆ ಗ್ರಾನೈಟಿನ ಹೊಳಪು ಬಡಿದಿತ್ತೇನೋ.

ಕೆಳಗಿನ ಮನೆಯಲ್ಲಿ ಕೆಲಸದಿಂದ ರಿಟೈರಾದ ಒಬ್ಬ ಯಜಮಾನರಿದ್ದರು, ಬೆಂಗಳೂರು ಕಡೆಯವರು. ಕಾಂಪೌಂಡಿನ ಒಳಗೆ ಬಿದಿರು ಕುಕ್ಕೆಯಲ್ಲಿ ನಾಟಿಕೋಳಿ ಸಾಕಿದ್ದರು. ದಿನಾ ಬೆಳಿಗ್ಗೆ ಮುಂಗೋಡೆಯ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಪಕ್ಕದಲ್ಲಿ ಕುಕ್ಕೆ ಇಟ್ಟುಕೊಂಡು, ಹತ್ತು ಗಂಟೆಯವರೆಗೆ ಪೇಪರ್ ಓದುತ್ತಿದ್ದರು. ಒಂದು ದಿನ ನನ್ನನ್ನು ಮೆಟ್ಟಿಲ ಹತ್ತಿರ ತಡೆದರು.

“ಏನಮ್ಮಾ, ನಿಮ್ಮ ಬೆಕ್ಕು ನನ್ನ ಮೂರು ಮರಿ ನುಂಗ್ಬುಡ್ತು.”

“ನೀವು ಕಣ್ಣಾರೆ ನೋಡಿದ್ರಾ?”

“ನೋಡೋದೇನು? ಅದ್ರ ಮೂತಿ ನೋಡಿದ್ರೇ ಗೊತ್ತಾಗ್ತದೆ.”

“ಮೂತಿ ನೋಡಿ ಕಳ್ಳ ಅನ್ನೋದಾದ್ರೆ, ನಿಮ್ಮನ್ನೂ ನನ್ನನ್ನೂ ಪೊಲೀಸ್ನೋರು ಯಾವತ್ತೋ ಹಿಡ್ಕಂಡೋಗ್ತಿದ್ರು ಯಜಮಾನ್ರೇ.”

ಹೀಗೆ ಬಾಯಿ ಮಾಡಿ ಮೇಲೆ ಬಂದು ಮಂಚದ ಕೆಳಗೆ ಬಗ್ಗಿ ನೋಡಿದರೆ ಹಳದಿ ಪುಕ್ಕ. ಮಗಳು ಬರುವುದರೊಳಗೆ ಗುಡಿಸಿ, ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ಹಾಕಿದೆ.

ಆ ಶುಕ್ರವಾರವೇ ಕಲ್ಲು ಬಿದ್ದದ್ದು. ಹನ್ನೊಂದು ಗಂಟೆ ಇರಬಹುದು. ಯಜಮಾನರು ಪೇಪರ್ ಮುಗಿಸಿ ಒಳಗೆ ಹೋಗಿದ್ದರು. ನಮ್ಮ ಕಿಟಕಿಯ ಪಕ್ಕದ ಕಲ್ಲು ಕಳಚಿ, ಕೆಳಗೆ ನಿಂತಿದ್ದ ಸ್ಕೂಟರಿನ ಸೀಟನ್ನು ಎರಡು ಮಾಡಿತು. ಅದು ಅಪಾರ್ಟ್‌ಮೆಂಟಿನ ಸೆಕ್ರೆಟ್ರಿಯ ಸ್ಕೂಟರ್. ಅದೇ ಗಳಿಗೆಯಲ್ಲಿ ನಮ್ಮ ಬೆಕ್ಕು ಬಾಯಲ್ಲಿ ಅಳಿಲು ಕಚ್ಚಿಕೊಂಡು ಆ ಸಜ್ಜೆಯಿಂದ ಹಾರಿದ್ದನ್ನು ಎದುರು ಅಂಗಡಿಯವರೂ ನೋಡಿದರು, ಮೇಲಿನ ಮನೆಯ ತಮಿಳು ಹೆಂಗಸೂ ನೋಡಿದಳು. ಇನ್ನು ಸಾಕ್ಷಿ ಯಾಕೆ?

ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಮೀಟಿಂಗ್ ಕರೆದರು. ಸೆಕ್ರೆಟ್ರಿ ನಲವತ್ತು ದಾಟದ ಮನುಷ್ಯ, ಒಳ್ಳೆಯವನೇ. ಆದರೆ ನಾಲ್ಕು ಜನ ಎದುರಿಗೆ ಕೂತರೆ ಭಾಷಣ ಬಂದುಬಿಡುತ್ತದೆ. ಬೆಕ್ಕು ಕಲ್ಲು ಬೀಳಿಸಿದೆ, ಕೋಳಿಮರಿ ತಿಂದಿದೆ, ಇದು ಬಿಲ್ಡಿಂಗಿನ ಸೇಫ್ಟಿಯ ಪ್ರಶ್ನೆ ಎಂದ. ಕಲ್ಲಿನ ಖರ್ಚು, ಸ್ಕೂಟರ್ ಸೀಟಿನ ಖರ್ಚು ನಮ್ಮ ಮನೆಯದು. ಮುಂದಿನ ಭಾನುವಾರದೊಳಗೆ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ಸಾನಮಾವು ಕಾಡಿಗೆ ಬಿಟ್ಟು ಬರಬೇಕು.

“ಆನೆ ಇರೋ ಕಾಡಿಗಾ?” ಅಂದೆ. “ಬಿಟ್ಟು ಬತ್ತೀನಿ ಬಿಡಪ್ಪಾ. ನಾಳೆ ಒಂದು ಆನೇನ ಹಿಡ್ಕಂಡು ಬಂದು ನಿಮ್ಮ ಬಾಗ್ಲಲ್ಲಿ ಇಟ್ರೆ ಮಾತ್ರ ನನ್ನ ಕೇಳ್ಬೇಡಿ.”

ಎಲ್ಲರೂ ನಕ್ಕರು. ತೀರ್ಮಾನ ಮಾತ್ರ ಬದಲಾಗಲಿಲ್ಲ. ಮರಿ ತಿಂದಿಲ್ಲ ಎಂದು ನಾನು ಇನ್ನೊಮ್ಮೆ ಸಾಧಿಸಿದೆ. ಯಜಮಾನರು ನನ್ನ ಕಡೆ ನೋಡದೆ ನೀರಿನ ಟ್ಯಾಂಕ್ ನೋಡುತ್ತಾ ಕೂತಿದ್ದರು.

ನಾನು ಬೆಕ್ಕನ್ನು ಮಡಿಲಲ್ಲಿ ಕೂರಿಸಿಕೊಂಡು ಮುದ್ದು ಮಾಡುವವಳಲ್ಲ. ಮೈಮೇಲೆ ಬಂದರೆ ತಳ್ಳುತ್ತೇನೆ. ಆದರೆ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಹೊರಟರೆ ಸಂಜೆಯವರೆಗೆ ಆ ಮನೆಯಲ್ಲಿ ಉಸಿರಾಡುವವರು ನಾವಿಬ್ಬರೇ. ಮರಿ ತಿಂದದ್ದಕ್ಕೆ ಬೈದರೆ ಬೈಸಿಕೊಳ್ಳಲಿ. ಎರಡು ಕೈಯಲ್ಲೂ ಎತ್ತಲಾಗದ ಕಲ್ಲನ್ನು ಒಂದು ಬೆಕ್ಕು ಕಿತ್ತು ಹಾಕಿತು ಎಂದರೆ ನಾನು ಒಪ್ಪುವುದು ಹೇಗೆ?

ಸೋಮವಾರ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಕೆಳಗಿಳಿದು, ಗೋಡೆಗೆ ಒರಗಿಸಿಟ್ಟಿದ್ದ ಆ ಕಲ್ಲನ್ನು ತಿರುಗಿಸಿ ನೋಡಿದೆ. ನಾನು ಓದಿದ್ದು ಮೂರನೇ ಕ್ಲಾಸು. ಕಲ್ಲಿನ ವಿಷಯ ಬೇರೆ. ನನ್ನ ಗಂಡ ಸೂಳಗಿರಿ ಕಡೆಯ ಕ್ವಾರಿಯಲ್ಲಿ ಉಳಿ ಹಿಡಿದವನು. ನಾನು ಹದಿನೈದು ವರ್ಷ ಅಲ್ಲೇ ತಲೆಯ ಮೇಲೆ ಕಲ್ಲು ಹೊತ್ತೆ. ಗೋಡೆಗೆ ಕಲ್ಲು ಕೂರಿಸುವಾಗ ಬೆನ್ನಿಗೆ ಉಳಿಯೇಟು ಹಾಕಿ ಒರಟು ಮಾಡಬೇಕು, ಆಗ ಸಿಮೆಂಟು ಕಚ್ಚುತ್ತದೆ. ಈ ಕಲ್ಲಿನ ಬೆನ್ನು ಮಿಷನ್ನಿನಲ್ಲಿ ಕೊಯ್ದ ಹಾಗೆಯೇ ನುಣ್ಣಗಿತ್ತು. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ವಡೆ ತಟ್ಟಿದ ಹಾಗೆ ಐದು ಮುದ್ದೆ ಸಿಮೆಂಟು. ಉಳಿದ ಜಾಗವೆಲ್ಲ ಖಾಲಿ. ಅಳಿಲು ಸಂಸಾರ ಮಾಡಿದ್ದು ಅಲ್ಲಿ.

ಮೇಲೆ ಹೋಗಿ ಎಲೆಯಡಿಕೆ ಕುಟ್ಟುವ ಕಬ್ಬಿಣದ ಕುಟ್ಟಾಣಿಯನ್ನೂ ಸುಣ್ಣದ ಡಬ್ಬಿಯನ್ನೂ ತಂದೆ. ಕೆಳಸಾಲಿನಿಂದ ಶುರು ಮಾಡಿ ಒಂದೊಂದೇ ಕಲ್ಲು ತಟ್ಟುತ್ತಾ ಹೋದೆ. ಕಲ್ಲು ಗೋಡೆಗೆ ಕಚ್ಚಿದ್ದರೆ ಗಟ್ಟಿ ಸದ್ದು. ಹಿಂದೆ ಗಾಳಿ ಇದ್ದರೆ ಖಾಲಿ ಡಬ್ಬದ ಸದ್ದು. ಖಾಲಿ ಸದ್ದು ಕೊಟ್ಟ ಕಲ್ಲಿಗೆಲ್ಲ ಬೆರಳಲ್ಲಿ ಸುಣ್ಣದ ಅಡ್ಡಗೀಟು ಹಾಕಿದೆ. ಎಟುಕದ್ದನ್ನು ನಮ್ಮ ಕಿಟಕಿಯಿಂದ, ಪಕ್ಕದ ಮನೆಯ ಬಾಲ್ಕನಿಯಿಂದ, ಜೇಡರಬಲೆ ಹೊಡೆಯುವ ಪೊರಕೆಯ ಉದ್ದ ಕೋಲಿಗೆ ಕುಟ್ಟಾಣಿ ಕಟ್ಟಿಕೊಂಡು ತಟ್ಟಿದೆ. ಮೇಲಿನ ಮನೆಯ ತಮಿಳು ಹೆಂಗಸು ತಲೆ ಹೊರಗೆ ಹಾಕಿ, “ಪಾಟಿ, ಎನ್ನ ಪಣ್ರೀಂಗ?” ಅಂದಳು. ಏನು ಮಾಡುತ್ತಿದ್ದೇನೆಂದು ಬಾಯಲ್ಲಿ ಹೇಳಲಿಲ್ಲ, ಅವಳ ಕಿಟಕಿಯ ಕಲ್ಲನ್ನೇ ತಟ್ಟಿ ಕೇಳಿಸಿದೆ. “ಅಯ್ಯಯ್ಯೋ” ಎಂದು ಅವಳೇ ಬಾಗಿಲು ತೆಗೆದು ಒಳಗೆ ಕರೆದು, ಉಳಿದ ಕಿಟಕಿಗಳನ್ನೂ ತೋರಿಸಿದಳು. ಸಂಜೆಯ ಹೊತ್ತಿಗೆ ಗುರುತು ಇಲ್ಲದ ಕಲ್ಲುಗಳನ್ನು ಎಣಿಸುವುದೇ ಸುಲಭವಾಗಿತ್ತು.

ಸೆಕ್ರೆಟ್ರಿ ಫ್ಯಾಕ್ಟರಿಯಿಂದ ಬಂದವನು ಗೇಟಿನಲ್ಲೇ ನಿಂತ. “ಅಜ್ಜೀ! ಏನಿದು, ಬಿಲ್ಡಿಂಗಿಗೆ ದೃಷ್ಟಿಬೊಟ್ಟು ಇಟ್ಟಿದೀರಾ?”

“ಬೀಳೋ ಕಲ್ಲಿಗೆ ಗುರ್ತು ಹಾಕಿದೀನಿ. ಇಷ್ಟನ್ನೂ ನನ್ನ ಬೆಕ್ಕೇ ಅಲ್ಲಾಡ್ಸಿದ್ರೆ ಅದಕ್ಕೆ ಕ್ವಾರೀಲಿ ಕೆಲಸ ಕೊಡ್ಸು.”

ಅವನಿಗೆ ಸಿಟ್ಟು ಬಂತು. ಒರೆಸಿ ಅಂದ. ಒರೆಸಲ್ಲ ಅಂದೆ. ಮಗಳು ಮೇಲಿನಿಂದ “ಅವ್ವಾ, ಒಳಗೆ ಬಾರವ್ವಾ, ಮಾನ ಹೋಗ್ತದೆ” ಎಂದು ಕೂಗಿದಳು. ಕೊನೆಗೆ ಭಾನುವಾರ ಒಬ್ಬ ಕಲ್ಲಿನ ಮೇಸ್ತ್ರಿಯನ್ನು ಕರೆಸುವುದು, ಅವನ ಮಾತಿನಂತೆ ಬೆಕ್ಕಿನ ವಿಷಯ ನೋಡುವುದು ಎಂದಾಯಿತು. ಆ ಆರು ದಿನ ಬೆಕ್ಕನ್ನು ಒಳಗೇ ಕೂಡಿ ಹಾಕಿದ್ದೆ. ಪರದೆ ಹರಿಯಿತು, ನನ್ನ ಸೆರಗು ಹರಿಯಿತು, ಅಳಿಯನ ಶೂಗೆ ಮಾತ್ರ ನೆಮ್ಮದಿ.

ಮೇಸ್ತ್ರಿ ಸೂಳಗಿರಿ ಕಡೆಯವನೇ, ಇಬ್ಬರು ಆಳುಗಳ ಜೊತೆ ಬಂದ. ಗೋಡೆ ನೋಡಿ, “ಯಾರು ಗುರ್ತು ಹಾಕಿದ್ದು?” ಅಂದ.

“ನಾನೇ ಕಣ್ಲಾ.”

“ಕ್ವಾರೀಲಿ ಇದ್ರಾ ಅವ್ವಾ?”

“ನಿಮ್ಮಪ್ಪ ಉಳಿ ಹಿಡಿಯೋಕೆ ಮುಂಚೆ.”

ಅವನು ನಗುತ್ತಾ ಏಣಿ ಹಾಕಿಸಿ ಯಜಮಾನರ ಕುರ್ಚಿಯ ನೆತ್ತಿಯ ಮೇಲಿದ್ದ ಕಲ್ಲಿನ ಹತ್ತಿರ ಹೋದ. ಅದಕ್ಕೆ ನಾನು ಎರಡು ಗೀಟು ಹಾಕಿದ್ದೆ. ಯಜಮಾನರನ್ನು ಏಳಿಸಿ, ಸಂದಿನಲ್ಲಿ ಉಳಿಯ ತುದಿ ಇಟ್ಟು ಮೆಲ್ಲಗೆ ಮೀಟಿದ. ಸುತ್ತಿಗೆ ಬೇಕಾಗಲೇ ಇಲ್ಲ. ಒಲೆಯಿಂದ ಹೆಂಚು ಇಳಿಸಿದಷ್ಟು ಸಲೀಸಾಗಿ ಇಡೀ ಕಲ್ಲು ಆಳುಗಳ ಕೈಗೆ ಬಂತು.

ಯಜಮಾನರು ಖಾಲಿ ಕುರ್ಚಿಯನ್ನು ನೋಡಿದರು, ಮೇಲೆ ನೋಡಿದರು, ಪೇಪರನ್ನು ಮಡಚಿ ಮಡಚಿ ಅಂಗೈಯಷ್ಟು ಮಾಡಿದರು.

“ಎಲ್ಲಾ ಇಳಿಸ್ಬೇಕು ಸಾರ್,” ಅಂದ ಮೇಸ್ತ್ರಿ. ತಿರುಗಿ ಬೋಲ್ಟು ಹಾಕಿ ಕೂರಿಸುವುದಾದರೆ ಇಷ್ಟು, ಸುಮ್ಮನೆ ಇಳಿಸಿ ಗಾರೆ ಮಾಡಿ ಬಣ್ಣ ಹೊಡೆಯುವುದಾದರೆ ಇಷ್ಟು ಎಂದು ಎರಡು ಲೆಕ್ಕ ಹೇಳಿದ. ಮೊದಲನೆಯದನ್ನು ಕೇಳಿ ಅಳಿಯ ಮೆಟ್ಟಿಲ ಮೇಲೆ ಕೂತ.

ಆಮೇಲೆ ಶುರುವಾಯಿತು ನೋಡಿ, ದುಡ್ಡು ಯಾರು ಕೊಡಬೇಕೆಂಬ ಜಗಳ. ಹಿಂಬದಿ ಮನೆಯವರು, “ನಮ್ಮ ಗೋಡೆಗೆ ಕಲ್ಲೇ ಇಲ್ಲ, ನಾವ್ಯಾಕೆ ಕೊಡ್ಬೇಕು?” ಅಂದರು. ಮೇಲಿನವರು, “ನಮ್ಮ ತಲೆ ಮೇಲೆ ಬೀಳೋಕೆ ಆಕಾಶ ಬಿಟ್ರೆ ಏನಿದೆ?” ಅಂದರು. ಕೆಳಗಿನವರು, “ಕಲ್ಲಿರೋದು ನಿಮ್ಮ ಗೋಡೇಲಿ, ಬೀಳೋದು ಮಾತ್ರ ನಮ್ಮ ತಲೆ ಮೇಲಾ?” ಅಂದರು. ಕಟ್ಟಿಸಿಕೊಟ್ಟವನಿಗೆ ಸೆಕ್ರೆಟ್ರಿ ಮೂರು ಸಲ ಫೋನ್ ಮಾಡಿದ. ಮೂರು ಸಲವೂ ದೇವರ ಹಾಡು ಕೇಳಿಸಿತು, ಮನುಷ್ಯನ ದನಿ ಕೇಳಿಸಲಿಲ್ಲ. ಸೆಕ್ರೆಟ್ರಿಗೆ ದುಡ್ಡಿಗಿಂತ ಗೋಡೆಯ ಚಿಂತೆ. “ಕಲ್ಲು ತೆಗೆದ್ರೆ ಎಲಿವೇಷನ್ನೇ, ಮುಂದಿನ ಅಂದಾನೇ ಹೋಗ್ಬಿಡುತ್ತಲ್ಲಾ” ಎಂದು ಹೆಣ್ಣು ಒಪ್ಪಿಸಿಕೊಡುವವನ ಹಾಗೆ ಗೋಡೆ ಸವರಿದ.

ಹಿಂಬದಿ ಮನೆಯವನೊಬ್ಬ, “ಅಜ್ಜಿ ಸುಮ್ನಿದ್ದಿದ್ರೆ ಈ ಖರ್ಚೇ ಬರ್ತಿರ್ಲಿಲ್ಲ” ಎಂದು ಗೊಣಗಿದ.

“ನಾನು ಸುಮ್ನಿದ್ರೆ ಕಲ್ಲು ಸುಮ್ನಿರ್ತಿತ್ತೇನಪ್ಪಾ? ನಿನ್ನ ಹೆಂಡ್ತಿ ದಿನಾ ಇದೇ ಗೇಟಲ್ಲಿ ತರಕಾರಿ ತಗೊಳ್ತಾಳೆ. ಗೋಡೆಗೆ ಕಲ್ಲಿಲ್ಲದ ಮನೆ ಅಂತ ಅವಳೇನು ಹಿಂದಿನ ಗೋಡೆ ಹಾರಿ ಹೋಗ್ತಾಳಾ?”

ಆಗ ಯಜಮಾನರು ಬಾಯಿ ತೆರೆದರು. ಸುಮ್ಮನೆ ಇಳಿಸಿ ಬಣ್ಣ ಹೊಡೆಯೋಣ, ಹನ್ನೆರಡು ಮನೆಗೂ ಒಂದೇ ಪಾಲು, ನನ್ನದು ಇವತ್ತೇ ಕೊಡುತ್ತೇನೆ ಎಂದರು. ಅವರು ಮೊದಲು ಕೊಡುತ್ತೇನೆಂದ ಮೇಲೆ ಮಿಕ್ಕವರಿಗೆ ಬೇರೆ ದಾರಿ ಇರಲಿಲ್ಲ. ಗೊಣಗುತ್ತಾ ಒಪ್ಪಿದರು. ನನ್ನ ಮಗಳು ಪಕ್ಕದಲ್ಲಿ, “ವಾಷಿಂಗ್ ಮಿಷನ್ ದುಡ್ಡು ಹೋಯ್ತಲ್ಲವ್ವಾ” ಅಂದಳು. “ಒಗೆಯೋ ಕಲ್ಲು ಬತ್ತದಲ್ಲಾ” ಅಂದೆ. ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಸೆಕ್ರೆಟ್ರಿ ಹೋದ ಮೀಟಿಂಗಿನ ತೀರ್ಮಾನ ಬರೆದಿದ್ದ ಕಾಗದ ನೋಡಿ, “ಇನ್ನು ಬೆಕ್ಕಿನ ವಿಷಯ?” ಅಂದ.

ಯಜಮಾನರು, “ಅದು ಆ ಸಂದೀಲಿ ಕೈ ಹಾಕ್ದೇ ಇದ್ದಿದ್ರೆ ನೀವೆಲ್ಲಾ ಇಷ್ಟೊತ್ತಿಗೆ ನನ್ನ ತಿಥಿ ವಡೆ ತಿಂತಿದ್ರಿ. ಇರ್ಲಿ ಬಿಡಿ ಅದು” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಆದ್ರೆ ಅಮ್ಮಾ, ಮರಿ ತಿಂದಿದ್ದು ಮಾತ್ರ ಅದೇ” ಎಂದರು.

ಆ ಮನುಷ್ಯ ಬೆಕ್ಕನ್ನು ಬಿಟ್ಟುಬಿಟ್ಟ ಮೇಲೆ ನಾನು ಸುಳ್ಳನ್ನು ಯಾಕೆ ಹಿಡಿದುಕೊಳ್ಳಲಿ?

“ಹೂಂ ಯಜಮಾನ್ರೇ, ಅದೇ. ಪುಕ್ಕ ನನ್ನ ಮಂಚದ ಕೆಳಗಿತ್ತು.”

“ಗೊತ್ತಿತ್ತು. ನಿಮ್ಮನೆ ಕಸದ ಬುಟ್ಟಿ ನಮ್ಮ ಬಾಗ್ಲಲ್ಲೇ ತಾನೇ ಸುರಿಯೋದು.”

ಹನ್ನೆರಡು ಮನೆಯವರೂ ನಕ್ಕರು. ಅಳಿಯ ಎಲ್ಲರಿಗಿಂತ ಜೋರಾಗಿ ನಕ್ಕ. ಮನೆಗೆ ಹೋಗಿ ನಾನು ಬಾಗಿಲು ತೆರೆದದ್ದೇ ತಡ, ಬೆಕ್ಕು ನನ್ನನ್ನು ತಿರುಗಿಯೂ ನೋಡದೆ ಮೆಟ್ಟಿಲಿಳಿದು ಓಡಿತು.

ಕಲ್ಲು ಇಳಿಸುವುದಕ್ಕೆ ಹತ್ತು ದಿನ ಹಿಡಿಯಿತು. ಅನ್ನದಲ್ಲಿ ಧೂಳು, ಹಾಸಿಗೆಯಲ್ಲಿ ಧೂಳು. ದುಡ್ಡು ಕೊಟ್ಟವರೆಲ್ಲ ತಮ್ಮ ಪಾಲಿನ ಕಲ್ಲು ಕೇಳಿದರು. ಒಬ್ಬರು ಅಡುಗೆ ಕಟ್ಟೆಗೆ, ಒಬ್ಬರು ದೇವರ ಮಂಟಪಕ್ಕೆ. ನನ್ನದಕ್ಕೆ ಮೇಸ್ತ್ರಿಯಿಂದ ಉಳಿಯೇಟು ಹಾಕಿಸಿ ತಾರಸಿಯಲ್ಲಿ ಬಟ್ಟೆ ಒಗೆಯಲು ಇಟ್ಟೆ. ಗೋಡೆಗೆ ಹಾಕಬೇಕಾಗಿದ್ದ ಏಟು ಕೊನೆಗೆ ಅಲ್ಲಿ ಬಿತ್ತು. ಗೋಡೆಗೆ ತಿಳಿಹಳದಿ ಬಣ್ಣ ಹೊಡೆದರು. ಸೆಕ್ರೆಟ್ರಿ ಒಂದು ವಾರ ತಲೆ ಎತ್ತಿ ನೋಡಲಿಲ್ಲ.

ಯಜಮಾನರು ತಮ್ಮ ಪಾಲಿನಲ್ಲಿ ಕೋಳಿಗೂಡು ಕಟ್ಟಿಸಿದರು. ಮೂರು ಕಡೆ ಕೆಂಪು ಗ್ರಾನೈಟ್, ಮೇಲೊಂದು ಗ್ರಾನೈಟ್, ಮುಂದೆ ಕಬ್ಬಿಣದ ಜಾಲರಿ. ನಾನು ಪಕ್ಕದಲ್ಲೇ ನಿಂತು ಪ್ರತಿ ಕಲ್ಲಿನ ಬೆನ್ನನ್ನೂ ನೋಡಿ, ಕುಟ್ಟಾಣಿಯಲ್ಲಿ ತಟ್ಟಿ ಒಪ್ಪಿದೆ. ಸೂಳಗಿರಿಗೆ ಹೋಗಿದ್ದಾಗ ಮೂರು ಮರಿ ತಂದು ಅದರೊಳಗೆ ಬಿಟ್ಟೆ. ಇಡೀ ಹೊಸೂರಿನಲ್ಲಿ ಅಂಥ ಮನೆ ಕಂಡ ಕೋಳಿ ಇನ್ನೊಂದಿರಲಿಲ್ಲ.

ಬೆಕ್ಕು ಬಂದು ಗೂಡನ್ನು ಮೂರು ಸುತ್ತು ಹಾಕಿತು. ಜಾಲರಿಗೆ ಒಂದು ಸಲ ಕೈ ಹಾಕಿ ನೋಡಿತು. ಆಮೇಲೆ ಮೇಲೆ ಹಾರಿ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಕೈಕಾಲು ಮಡಚಿ ಕೂತಿತು. ಅಂದಿನಿಂದ ಅದೇ ಅದರ ಜಾಗ. ಕೆಳಗೆ ಮರಿಗಳು, ಮೇಲೆ ಅದು, ಪಕ್ಕದಲ್ಲಿ ಪೇಪರ್ ಹಿಡಿದ ಯಜಮಾನರು.

“ನೋಡಮ್ಮಾ, ನಿಮ್ಮ ಬೆಕ್ಕು ಈಗ ಕಾವಲು ಕೂತಿದೆ,” ಅಂದರು ಒಂದು ದಿನ, ತುಂಬ ಮೆಚ್ಚಿಕೊಂಡು.

“ಕಾವಲಲ್ಲ ಯಜಮಾನ್ರೇ,” ಅಂದೆ, “ಬಾಗ್ಲು ತೆಗೆಯೋದು ಯಾವಾಗ ಅಂತ ಕಾಯ್ತಾ ಅದೆ.”